ತಂಬೂರಿಯ ಹಿಂದೆ ಕೂತು ಕಂಡ ಜಲ್ಸಾ

ಹಾಡುವವರು ಕಣ್ಣು ಮುಚ್ಚಿ ಹಾಡುತ್ತಾರೆ, ಕೇಳುವವರು ಕಣ್ಣು ಮುಚ್ಚಿ ಕೇಳುತ್ತಾರೆ. ಇಡೀ ಬೈಠಕ್ಕಿನಲ್ಲಿ ಕಣ್ಣು ತೆರೆದುಕೊಂಡು ಕೂತಿರುವವನು ತಂಬೂರಿಯವನೊಬ್ಬನೇ. ಆದ್ದರಿಂದ ಸಂಗೀತದಲ್ಲಿ ನಡೆಯಬಾರದ್ದು ಏನೇ ನಡೆದರೂ ಮೊದಲು ಅವನ ಕಣ್ಣಿಗೇ ಬೀಳುತ್ತದೆ. ನನ್ನ ಕಣ್ಣಿಗೆ ಬಿದ್ದದ್ದಂತೂ ಒಂದೆರಡಲ್ಲ.

ನಾನು ಮೂಲದಲ್ಲಿ ಸಿಂಧನೂರಿನ ಪಿಂಜಾರ. ಹತ್ತಿ ಹಿಂಜುವುದು, ಗಾದಿ ತುಂಬುವುದು ನಮ್ಮ ಮನೆತನದ ಕೆಲಸ. ನಿಜಾಮರ ಆಳ್ವಿಕೆ ಇನ್ನೂ ಗಟ್ಟಿಯಾಗಿದ್ದ ಕಾಲ. ಒಂದು ಚಳಿಗಾಲದ ಮುಂಜಾನೆ ಓಣಿಯ ಕಟ್ಟೆಯ ಮೇಲೆ ಕೂತು ನಾನು ಬಿಲ್ಲಿನ ತಂತಿ ಮೀಟಿ ಹತ್ತಿ ಹಿಂಜುತ್ತಿದ್ದೆ. ಟಂಯ್, ಟಂಯ್. ದಾರಿಯಲ್ಲಿ ಹೋಗುತ್ತಿದ್ದ ನಮ್ಮೂರಿನ ಹಾಡುಗಾರರು, ಗವಾಯಿಗಳು, ನಿಂತರು. ಐವತ್ತು ದಾಟಿದ ವಯಸ್ಸು, ತಲೆಗೆ ಸುತ್ತಿದ ಬಿಳಿ ಪಟಗ, ಕಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿದ್ದವು. ಬಹಳ ಹೊತ್ತು ಕೇಳಿ, "ಲೇ, ನಿನ್ನ ಕೈಗೆ ಬ್ಯಾಸರಕಿ ಬರಂಗಿಲ್ಲೇನು?" ಅಂದರು.

"ಇಲ್ರಿ. ಕೈ ತನ್ನಷ್ಟಕ್ಕ ತಾನು ಮಾಡ್ತಿರ್ತದ. ನಾ ಬ್ಯಾರೆ ಏನರ ನೆನಸ್ಕೋತ ಕುಂತಿರ್ತೀನಿ."

"ತಂಬೂರಿಗೆ ಇಂಥಾವನಽ ಬೇಕಿತ್ತು, ನಡಿ," ಅಂದರು.

ಅಂದಿನಿಂದ ಊರಲ್ಲಿ ನನ್ನ ಹೆಸರೇ 'ತಂಬೂರಿ' ಆಯಿತು. ಹತ್ತಿ ಮನೆಗೆ ಬಂದ ಮೇಲೆ, ಚಳಿಯ ದಿನಗಳಲ್ಲಿ ಮೂರು ಊರಿನಲ್ಲಿ ಒಂದೊಂದು ದಿನ ಹಾಡಿನ ಜಲ್ಸಾ ನಡೆಯುತ್ತಿತ್ತು. ಸಿಂಧನೂರು, ಲಿಂಗಸುಗೂರು, ಮಸ್ಕಿ. ಒಬ್ಬ ಶಾಲೆಯ ಮಾಸ್ತರರು ಅದನ್ನು ಹೊಂದಿಸುತ್ತಿದ್ದರು. ಹಳೆಯ ಹಾಡನ್ನು ಹಳೆಯ ಜಾಗದಲ್ಲೇ ಕೇಳಬೇಕು ಅನ್ನುವುದು ಅವರ ಹಟ. ಹಳೇ ಗೋದಾಮು, ಹಳೇ ಬಂಗಲೆ, ಹಳೇ ಕಲ್ಲು ಹುಡುಕಿ ಹುಡುಕಿ ನಮ್ಮನ್ನು ಕೂಡಿಸುತ್ತಿದ್ದರು. ಗವಾಯಿಗಳು, ತಬಲಾ ಬಾರಿಸುವ ಚಾಚಾ, ಮಾಸ್ತರರು, ನಾನು. ನಾಲ್ವರು, ಒಂದು ಎತ್ತಿನ ಬಂಡಿ.

ಕಣ್ಣೀರು

ಮೊದಲನೆಯ ವರ್ಷ ಸಿಂಧನೂರಿನ ಜಲ್ಸಾ ಒಬ್ಬ ಸಾಹುಕಾರರ ಹತ್ತಿ ಗೋದಾಮಿನಲ್ಲಿ. ಮಧ್ಯಾಹ್ನದ ಹೊತ್ತು. ಎತ್ತರದ ಕಿಂಡಿಗಳಿಂದ ಬಿಸಿಲು ಕೋಲಿನ ಹಾಗೆ ಇಳಿದು, ಅದರೊಳಗೆ ಅರಳೆಯ ಎಳೆಗಳು ಏಳುತ್ತಾ ಬೀಳುತ್ತಾ ಇದ್ದವು. ಹಾಸಲು ಜಮಖಾನ ಸಾಲಲಿಲ್ಲ. "ಅರಳಿ ಮ್ಯಾಲೇ ಕೂಡ್ರಿ, ಏನಾಗ್ತದ," ಎಂದರು ಸಾಹುಕಾರರು.

ಗವಾಯಿಗಳ ಮನಸ್ಸು ಆ ದಿನ ಸರಿ ಇರಲಿಲ್ಲ. ಬಂಡಿ ಇಳಿಯುವಾಗಲೇ ನನಗೆ ಅಂದಿದ್ದರು: "ಇಷ್ಟು ವರ್ಷ ಹಾಡಿದೆ. ಒಬ್ಬನ ಎದಿಗೂ ಮುಟ್ಟಿಲ್ಲ. ಇವತ್ತೂ ಮುಟ್ಟಲಿಲ್ಲಂದ್ರ ತಂಬೂರಿಗೆ ಗವಸಣಿಗೆ ಹಾಕಿ ಮೂಲ್ಯಾಗ ಇಟ್ಟುಬಿಡ್ತೀನಿ. ನೀ ನಿನ್ನ ಬಿಲ್ಲು ಹಿಡಕೊಂಡು ಹೋಗು."

ಅವರು ಭೀಮಪಲಾಸಿ ರಾಗ ಹಿಡಿದರು. ನಿಧಾನ, ಇನ್ನೂ ನಿಧಾನ. ತಂಬೂರಿಯವನ ಕಣ್ಣು ತೆರೆದಿರುತ್ತವೆ ಅಂದೆನಲ್ಲ, ಆ ದಿನದ ಮಟ್ಟಿಗೆ ಆ ಮಾತು ವಾಪಸ್. ಮೆತ್ತಗಿನ ಅರಳೆಯಲ್ಲಿ ಸೊಂಟದವರೆಗೆ ಇಳಿದಿದ್ದೆ. ಕೈ ತನ್ನಷ್ಟಕ್ಕೆ ತಂತಿ ಮೀಟುತ್ತಿತ್ತು. ನಾನು ಮಾತ್ರ ಎಲ್ಲೋ ಮೇಲೆ, ಒಂದು ಬಿಳಿ ಮೋಡವನ್ನು ಹಿಂಜುತ್ತಾ ಕೂತಿದ್ದೆ. ಹಿಂಜಿದಷ್ಟೂ ಅದು ಹಾಡಾಗಿ ಹೊರಗೆ ಬರುತ್ತಿತ್ತು. ಅಷ್ಟು ಸುಖದ ನಿದ್ದೆ ನನಗೆ ಆಮೇಲೆ ಬರಲೇ ಇಲ್ಲ.

ಹಾಡು ನಿಂತಾಗ ಎಚ್ಚರವಾಯಿತು. ಗವಾಯಿಗಳೂ ಆಗ ತಾನೇ ಕಣ್ಣು ತೆರೆದಿದ್ದರು. ಎದುರಿಗೆ ಮಂದಿಯೇ ಕಾಣಲಿಲ್ಲ. ಅರಳೆಯ ರಾಶಿಯಿಂದ ಅಲ್ಲೊಂದು ಮೂಗು, ಇಲ್ಲೊಂದು ಮೀಸೆ ಹೊರಗೆ ಬಂದಿದ್ದವು. ಗೊರಕೆ ಮಾತ್ರ ಲಯದಲ್ಲಿತ್ತು. ಗವಾಯಿಗಳ ಮುಖ ಬಾಡಿತು. ಅಷ್ಟರಲ್ಲಿ ಬಾಗಿಲ ಹತ್ತಿರ ನೆಟ್ಟಗೆ ಕೂತಿದ್ದ ಒಬ್ಬ ಹಿರಿಯರು ಕಂಡರು. ಎಚ್ಚರವಿದ್ದವರು ಅವರೊಬ್ಬರೇ. ಎರಡೂ ಕಣ್ಣಿನಿಂದ ಧಾರಾಕಾರ ನೀರು.

ಗವಾಯಿಗಳು ಎದ್ದು ಹೋಗಿ ಅವರ ಎರಡೂ ಕೈ ಹಿಡಿದರು. "ಯಜಮಾನ್ರ, ನಿಮಗೊಬ್ಬರಿಗೆ ಮುಟ್ಟಿತಲ್ಲ, ನನಗ ಅಷ್ಟ ಸಾಕು. ಇನ್ನ ನಾ ಹಾಡೂದು ಬಿಡಂಗಿಲ್ಲ."

ಆ ಹಿರಿಯರು ತಲೆ ಆಡಿಸಿದರು. ಇನ್ನಷ್ಟು ನೀರು ಇಳಿಯಿತು. ಗವಾಯಿಗಳೂ ಕಣ್ಣೊರೆಸಿಕೊಂಡು ಹೊರಗೆ ಹೋದರು. ನಾನು ಒಂದು ಚೊಂಬು ನೀರು ತಂದು ಹಿರಿಯರ ಮುಂದಿಟ್ಟೆ. ಅವರು ಗಪ್ಪನೆ ನನ್ನ ತೋಳು ಹಿಡಿದರು.

"ತಮ್ಮಾ, ನೀ ಪಿಂಜಾರ ಅಲ್ಲೇನು? ಅರಳಿ ಎಳಿ ಹೊಕ್ಕೈತಿ ಎರಡೂ ಕಣ್ಣಾಗ. ತೆಗಿಯಾಕ ನಿಮಗಽ ಬರ್ತೈತಿ ಅಂತಾರ ಮಂದಿ. ಈ ಹಾಡು ಯಾವಾಗ ಮುಗೀತೈತಿ, ನೀ ಯಾವಾಗ ಏಳ್ತಿ ಅಂತ ಕಾಯ್ಕೋತ ಕುಂತೀನಿ."

ಧೋತರದ ಅಂಚು ತೋಯಿಸಿ ತೆಗೆದುಕೊಟ್ಟೆ. ಗವಾಯಿಗಳು ಮುಂದೆ ಎಷ್ಟೋ ವರ್ಷ ಹಾಡಿದರು. ಯಾರಾದರೂ "ನೀವು ಕಂಡ ದೊಡ್ಡ ರಸಿಕರು ಯಾರು?" ಎಂದು ಕೇಳಿದರೆ, "ಸಿಂಧನೂರಿನ ಆ ಹಿರಿಯರು. ಈ ತಂಬೂರಿನ್ನ ಕೇಳ್ರಿ, ಕಣ್ಣಾರೆ ಕಂಡಾನ," ಅನ್ನುತ್ತಿದ್ದರು. ಪ್ರತಿ ಸಲವೂ ನಾನು ಹೌದೆಂದು ತಲೆ ಆಡಿಸುತ್ತಿದ್ದೆ. ಎಡಗಣ್ಣಿನ ಎಳೆ ಕೊಂಚ ಉದ್ದವಿತ್ತು ಅಂತ ಮಾತ್ರ ಹೇಳಲಿಲ್ಲ.

ಬೀಜ

ತುರ್ವಿಹಾಳದ ಕಡೆ ಒಮ್ಮೆ ಬಂಡಿಯಲ್ಲಿ ಹೊರಟಿದ್ದೆವು. ಎರಡೂ ಕಡೆ ಕರಿ ಎರೆ ಹೊಲ, ಬಿಡಿಸಿ ಉಳಿದ ಹತ್ತಿ ಅಲ್ಲಲ್ಲಿ ಬೆಳ್ಳಗೆ. ಎಳೆ ಬಿಸಿಲಿಗೆ ಎತ್ತುಗಳೂ ಅರೆನಿದ್ದೆಯಲ್ಲಿ ನಡೆಯುತ್ತಿದ್ದವು. ತಂಬೂರಿಯ ಗವಸಣಿಗೆ ತೊಳೆದು ಬಂಡಿಯ ಗೂಟಕ್ಕೆ ಒಣಹಾಕಿದ್ದೆ. ಹಾಗಾಗಿ ತಂಬೂರಿ ಬರಿಮೈಯಲ್ಲಿ ನನ್ನ ತೊಡೆಯ ಮೇಲೆ ಮಲಗಿತ್ತು.

ಬುತ್ತಿ ಹೊತ್ತ ಒಬ್ಬ ಹೆಣ್ಣುಮಗಳು ಬಂಡಿಯ ಪಕ್ಕಕ್ಕೇ ನಡೆದು ಬಂದಳು. ತಂಬೂರಿಯ ಬುಡದಲ್ಲಿರುವ ದೊಡ್ಡ ಸೋರೆಬುರುಡೆಯನ್ನು ನೋಡಿದಳು, ಇನ್ನೊಮ್ಮೆ ನೋಡಿದಳು. ಕಡೆಗೆ ತಡೆಯಲಾರದೆ ಕೇಳಿದಳು: "ಯಣ್ಣಾ, ಈ ಕಾಯಿ ಯಾವೂರದು? ಇಷ್ಟು ದೊಡ್ಡದು ನಮ್ಮ ಸೀಮ್ಯಾಗ ಬಿಡಂಗಿಲ್ಲ. ಒಂದೆರಡು ಬೀಜ ಕೊಡು, ಪುಣ್ಯಾ ಬರ್ತೈತಿ."

ಗವಾಯಿಗಳು ಅರ್ಧ ಮುಚ್ಚಿದ ಕಣ್ಣಲ್ಲೇ, "ತಂಗೀ, ಇದು ಹಾಡೂ ಕಾಯಿ," ಅಂದರು. ನಾನು ಒಮ್ಮೆ ನಾಲ್ಕೂ ತಂತಿ ಮೀಟಿ ತೋರಿಸಿದೆ.

ಆಕೆ ನಡೆಯುವುದು ಬಿಟ್ಟು ನಿಂತಳು. ಬಂಡಿ ಮುಂದೆ ಬಂದುಬಿಟ್ಟಿತು. ಬಹಳ ದೂರ ಹೋದ ಮೇಲೆ ಹಿಂದಿನಿಂದ ಕೂಗು ಕೇಳಿಸಿತು. ಬುತ್ತಿ ಹಿಡಿದುಕೊಂಡು ಓಡಿ ಬರುತ್ತಿದ್ದಳು. ಬಂಡಿ ನಿಲ್ಲಿಸಿದೆವು.

ಏದುಸಿರು ಬಿಡುತ್ತಾ ಕೇಳಿದಳು: "ಅಲ್ರೀ, ತಂತಿ ಬಳ್ಳ್ಯಾಗಽ ಬಿಡ್ತಾವೋ, ಕಾಯಿ ಬಲಿತ ಮ್ಯಾಲೆ ನಾವು ಕಟ್ಟಬೇಕೋ?"

ಬರಖಾಸ್ತ್

ಲಿಂಗಸುಗೂರಿನಲ್ಲಿ ಹಿಂದೆ ಫೌಜಿನ ಛಾವಣಿ, ಅಂದರೆ ದಂಡಿನ ಠಾಣ್ಯ, ಇತ್ತು. ಫೌಜು ಹೋಗಿ ಯಾವುದೋ ಕಾಲವಾಗಿತ್ತು, ಬಂಗಲೆಗಳು ಉಳಿದಿದ್ದವು. ಅಂಥ ಒಂದು ಬಂಗಲೆಯಲ್ಲಿದ್ದ ಮುನ್ಸೀಫ್ ಸಾಹೇಬರು ತಮ್ಮ ತೋಟದಲ್ಲಿ ಜಲ್ಸಾಕ್ಕೆ ಜಾಗ ಕೊಟ್ಟರು. ಸಂಜೆಯ ಹೊತ್ತು. ಆಕಾಶ ಕೇಸರಿ, ಹುಣಸೆ ಮರದ ಮೇಲೆ ಹಕ್ಕಿಗಳ ಗದ್ದಲ ಇಳಿದು, ಮಣ್ಣಿನ ವಾಸನೆ ತಣ್ಣಗೆ ಏಳುತ್ತಿತ್ತು.

ಮಂದಿ ತುಂಬಿಹೋಗಿದ್ದರು. ಮಾಸ್ತರರಿಗೆ ಹಿಗ್ಗೋ ಹಿಗ್ಗು. "ನೋಡ್ರಿ ಗವಾಯಿಗಳ, ಲಿಂಗಸುಗೂರಾಗ ಎಷ್ಟು ರಸಿಕರದಾರ!" ಅಂದರು. ತಬಲಾ ಚಾಚಾ ಕಿಸಕ್ಕನೆ ನಕ್ಕ. ಅವನಿಗೆ ಮಂದಿಯ ಮುಖಗಳೆಲ್ಲ ಪರಿಚಯ. "ರಸಿಕರೇನಿಲ್ರಿ ಮಾಸ್ತರ. ಎಲ್ಲಾರದೂ ಸಾಹೇಬ್ರ ಕೋರ್ಟಿನ್ಯಾಗ ಒಂದೊಂದು ಮುಕದ್ದಮಾ ಐತಿ. ಮುಖಾ ತೋರಿಸಿ ಹೋಗಾಕ ಬಂದಾರ. ನಂದೂ ಐತಿ."

ಹುಣಸೆಯ ಟೊಂಗೆಗೆ ಒಂದು ಗಿಳಿಯ ಪಂಜರ ತೂಗುತ್ತಿತ್ತು. ಅದು ಎಷ್ಟೋ ವರ್ಷ ಕೋರ್ಟಿನ ಪಡಸಾಲೆಯಲ್ಲಿ ಇದ್ದ ಗಿಳಿ. ಚಪರಾಸಿ ಮುದುಕನಾಗಿ ಮನೆಗೆ ಹೋದಾಗ ಸಾಹೇಬರು ಅದನ್ನು ಬಂಗಲೆಗೆ ತಂದುಕೊಂಡಿದ್ದರು.

ಗವಾಯಿಗಳು ಪೂರಿಯಾ ರಾಗ ಎತ್ತಿಕೊಂಡರು. ಸೂರ್ಯ ಇಳಿದಂತೆ ಅವರು ಏರಿದರು. ಮೇಲಿನ ಷಡ್ಜಕ್ಕೆ ಹೋಗಿ ನಿಂತರು ನೋಡಿ, ತೋಟವೇ ಉಸಿರು ಹಿಡಿಯಿತು. ಎಲೆ ಅಲ್ಲಾಡಲಿಲ್ಲ. ಸಾಹೇಬರ ಹುಕ್ಕಾ ಬಾಯಿಯ ಹತ್ತಿರ ಬಂದು ನಿಂತುಬಿಟ್ಟಿತ್ತು. ಚಾಚಾನ ಕೈ ತಬಲಾದ ಮೇಲೆ ಗಾಳಿಯಲ್ಲಿ ನಿಂತಿತ್ತು. ಅಷ್ಟರಲ್ಲಿ ಪಂಜರದಿಂದ ಗಡಸು ದನಿ ಬಂತು:

"ಅದಾಲತ್ ಬರಖಾಸ್ತ್!"

ಮಂದಿಯೆಲ್ಲ ದಡಕ್ಕನೆ ಎದ್ದರು. ಕೋರ್ಟು ಮುಗಿಯಿತು ಎಂದು ಚಪರಾಸಿ ಸಾರುತ್ತಿದ್ದ ಆ ಮಾತಿಗೆ ವರ್ಷಗಟ್ಟಲೆ ಎದ್ದು ರೂಢಿ. ಸಾಹೇಬರ ಕಡೆ ತಿರುಗಿ ಬಾಗಿ ಸಲಾಂ ಮಾಡಿದರು, ಚಪ್ಪಲಿ ಹುಡುಕಿಕೊಂಡು ಗೇಟಿನ ಕಡೆ ನಡೆದರು. ಯಾರೂ ತಳ್ಳಾಡಲಿಲ್ಲ, ಮಾತಾಡಲಿಲ್ಲ. ಇನ್ನೂ ಹೇಳಬೇಕೆಂದರೆ, ಮುನ್ಸೀಫ್ ಸಾಹೇಬರೂ ಎದ್ದು, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಒಳಗೆ ಹೋಗಿಬಿಟ್ಟರು.

ಗವಾಯಿಗಳಿಗೆ ಇದು ಯಾವುದೂ ಗೊತ್ತಿಲ್ಲ. ಕಣ್ಣು ಮುಚ್ಚಿದ್ದರು. ನಿಧಾನವಾಗಿ ಮೇಲಿನಿಂದ ಇಳಿದರು, ಒಂದೊಂದೇ ಮೆಟ್ಟಿಲು. ಕೆಳಗೆ ಬಂದು ಕಣ್ಣು ತೆರೆದರೆ ಖಾಲಿ ತೋಟ. ಮಾಸ್ತರರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

"ಎಲ್ಲಿ ಹ್ವಾದ್ರು ಎಲ್ಲಾರೂ?" ಎಂದು ಗವಾಯಿಗಳು ಕೇಳಿದರು.

ಗಿಳಿ ಕತ್ತು ಓರೆ ಮಾಡಿ ಅವರನ್ನೇ ನೋಡಿತು. "ಅಗಲೀ ತಾರೀಖ್!" ಅಂದಿತು.

ಮನೆಯ ನಡುಗೋಡೆಯ ಸಲುವಾಗಿ ದಾಯಾದಿಗಳ ಜೊತೆ ದಾವೆ ಹೂಡಿದ್ದ ಚಾಚಾ ಸಮಾಧಾನವಾಗಿ ತಬಲಾಕ್ಕೆ ಬಟ್ಟೆ ಸುತ್ತಿದ. "ನಡೀರಿ ಗವಾಯಿಗಳ, ಮುಂದಿನ ತಾರೀಖಿಗೆ ಬಾ ಅಂತೈತಿ. ನನಗ ಹನ್ನೆರಡು ವರ್ಷದಿಂದ ಅದು ಇದನ್ನಽ ಹೇಳಾಕತ್ತೈತಿ."

ಉತ್ತರ

ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆಯ ಮೇಲೆ ಬಹಳ ಹಳೆಯ ಅಕ್ಷರಗಳಿವೆ. ಹಳೆಯ ಕಾಲದ ಒಬ್ಬ ದೊಡ್ಡ ಅರಸ ಬರೆಸಿದ್ದು ಎಂದು ಮಾಸ್ತರರು ಹೇಳುತ್ತಿದ್ದರು. ಅದರ ಮುಂದೆ ಕೂತು ಹಾಡಬೇಕೆಂದು ಗವಾಯಿಗಳಿಗೆ ಎಷ್ಟೋ ವರ್ಷದ ಆಸೆ. ಜಾಗ ನೋಡಲು ಹೋದ ದಿನ ಹಗಲು ಹೊತ್ತಿನಲ್ಲೇ ಗುಡ್ಡ ಕನಸು ಕಾಣುವ ಹಾಗಿತ್ತು. ಬಂಡೆಗಳು ಒಂದರ ಮೇಲೊಂದು ಒರಗಿ ಮಲಗಿದ್ದವು, ನಡುವೆ ಗಾಳಿ ಸಣ್ಣಗೆ ಊದುತ್ತಿತ್ತು.

ಅಲ್ಲಿ ಒಬ್ಬ ಮುದುಕ ಕುರಿ ಮೇಯಿಸುತ್ತಿದ್ದ. ಪ್ರಾಯದಲ್ಲಿ ಅವನು ಟಪಾಲು ಚೀಲ ಹೊತ್ತು ಊರೂರಿಗೆ ಓಡಿದವನು. ಮಾಸ್ತರರು ಅವನಿಗೂ ಕಲ್ಲನ್ನು ತೋರಿಸಿ ವಿವರಿಸಿದರು. "ಅಜ್ಜಾ, ಇದು ಅರಸ ತನ್ನ ಮಂದಿಗೆ ಬರೆದ ಕಾಗದ ಇದ್ದಂಗ. ಎರಡು ಸಾವಿರ ವರ್ಷ ಆಗಿರಬೇಕು."

ಮುದುಕ ಕಲ್ಲಿನ ಮೇಲೆ ಕೈಯಾಡಿಸಿದ. ಮುಖ ಗಂಭೀರವಾಯಿತು. "ಮಂದಿಗಂದ್ರ ನಮಗಽ ಏನ್ರಿ?"

"ಹೌದು, ನಿಮ್ಮ ಹಿರೇರಿಗೆ."

ಟಪಾಲಿನವನ ರೂಢಿ ಎಲ್ಲಿಗೆ ಹೋಗಬೇಕು? ಆತ ಎದೆಯಾಳದಿಂದ ನಿಟ್ಟುಸಿರು ಬಿಟ್ಟ. "ಎಂಥಾ ಮಂದಿರೀ ನಮ್ಮವ್ರು! ಎರಡು ಸಾವಿರ ವರ್ಷ ಆತು, ಒಬ್ಬರರ ಉತ್ತರಾ ಬರೀಬಾರದಾ?"

ಐದು ಮಂದಿ ಹೆಣ್ಣುಮಕ್ಕಳು

ಮಸ್ಕಿಯ ಆ ಜಲ್ಸಾ ನಡೆದದ್ದೇ ದೊಡ್ಡ ಕಥೆ.

ಆಗ ನಾಲ್ಕು ಮಂದಿ ಕೂಡಿ ಹಾಡಬೇಕೆಂದರೂ ಸರಕಾರದ ಪರವಾನಗಿ ಬೇಕಿತ್ತು. ಯಾರು ಹಾಡುತ್ತಾರೆ, ಏನು ಹಾಡುತ್ತಾರೆ, ಎಲ್ಲ ಮೊದಲೇ ಬರೆದು ಕೊಡಬೇಕು. ಮಾಸ್ತರರು ಕನ್ನಡದಲ್ಲಿ ಅರ್ಜಿ ಬರೆದರು. ಹೊತ್ತು ಮೂಡುವ ಮುಂಚಿನಿಂದ ಹೊತ್ತೇರುವ ತನಕ ಗವಾಯಿಗಳು ಹಾಡುವ ಐದು ರಾಗಗಳ ಹೆಸರು ಅದರಲ್ಲಿದ್ದವು: ಲಲಿತ, ರಾಮಕಲಿ, ತೋಡಿ, ಆಸಾವರಿ, ಭೈರವಿ. ಒಬ್ಬ ಮುನ್ಷಿ ಅದನ್ನು ಉರ್ದುವಿಗೆ ಇಳಿಸಿದ. ಸಂಗೀತದ ಗಂಧ ಇಲ್ಲದ ಮನುಷ್ಯ. ಐದು ಹೆಸರನ್ನೂ 'ಹಾಡುವವರು' ಅನ್ನುವ ಕಡೆ ಬರೆದ. ನಮ್ಮ ನಾಲ್ವರನ್ನು 'ಅವರ ಕಾವಲಿಗೆ ಬರುವ ಗಂಡಸರು' ಅನ್ನುವ ಕಡೆ ಹಾಕಿದ. ಇದು ನಮಗೆ ಗೊತ್ತಾದದ್ದು ಜಲ್ಸಾದ ಹಿಂದಿನ ದಿನ ಸಂಜೆ, ಮಸ್ಕಿಗೆ ಹೋಗಿ ಬಂಡಿ ಇಳಿದಾಗ.

ಗುಡ್ಡದ ಬುಡದಲ್ಲಿ ಒಂದು ಚಂದದ ಗುಡಾರ ಹಾಕಿತ್ತು. ನಾಲ್ಕೂ ಕಡೆ ಕೆಂಪು ಹಸಿರು ಪರದೆ. ಮುಂದೆ ಪೊಲೀಸ್ ಅಮೀನ್ ಸಾಹೇಬರು ನಿಂತಿದ್ದರು. ಹೊಸದಾಗಿ ಹೈದರಾಬಾದಿನಿಂದ ಬಂದವರು. ಎತ್ತರದ ಆಳು, ಇಸ್ತ್ರಿ ಮಾಡಿದ ಶೇರ್ವಾನಿ, ನಡತೆಯಲ್ಲಿ ಬಹಳ ಅದಬು.

"ಆಯಿಯೇ, ಬರ್ರಿ ಬರ್ರಿ! ಬೇಗಂಗಳು ಎಲ್ಲಿ?" ಎಂದು ಬಂಡಿಯೊಳಗೆ ನೋಡದೆ, ಮುಖ ಆಚೆ ತಿರುಗಿಸಿಕೊಂಡು ಕೇಳಿದರು.

"ಯಾವ ಬೇಗಂಗಳ್ರಿ?" ಅಂದರು ಮಾಸ್ತರರು.

ಅಮೀನ್ ಸಾಹೇಬರು ಕಾಗದ ತೆಗೆದು ಓದಿದರು. "ಲಲಿತಾ ಬಾಯಿ, ರಾಮಕಲಿ ಬಾಯಿ, ತೋಡಿ ಬಾಯಿ, ಆಸಾವರಿ ಬಾಯಿ, ಭೈರವಿ ಬಾಯಿ. ಐದು ಮಂದಿ. ನಾನು ಎಲ್ಲ ಇಂತಜಾಮ್ ಮಾಡೀನಿ. ಪರದಾ, ಹಾಸಗಿ, ನಾಷ್ಟಾ, ನೋಡಿಕೊಳ್ಳಾಕ ಒಬ್ಬಾಕಿ ಆಯಿ. ಮ್ಯಾಲಿನ ಸಾಹೇಬರಿಗೂ ಬರೆದು ಕಳಿಸೀನಿ. ಒಬ್ಬರು ಕಮ್ಮಿ ಆದ್ರೂ ಪರವಾನಗಿ ರದ್ದು, ಹಾಂ."

ಗವಾಯಿಗಳು ಬಾಯಿ ತೆರೆದರು. ಮಾಸ್ತರರು ಹಿಂದಿನಿಂದ ಅವರ ಧೋತರ ಎಳೆದರು. ನಿಜ ಹೇಳಿದರೆ ಸಾಹೇಬರ ಮಾನ ಮೇಲಿನವರೆದುರು ಹೋಗುತ್ತದೆ, ಅದರ ಜೊತೆಗೆ ನಮ್ಮ ಜಲ್ಸಾನೂ ಹೋಗುತ್ತದೆ. ಗವಾಯಿಗಳ ಎಷ್ಟೋ ವರ್ಷದ ಆಸೆ ಗುಡ್ಡದ ಬುಡದಲ್ಲೇ ಉಳಿಯುತ್ತದೆ.

"ಮುಂಜಾನೆ ಬರ್ತಾರ್ರಿ," ಅಂದರು ಮಾಸ್ತರರು.

ಗವಾಯಿಗಳು ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. ಅವರು ಇದ್ದದ್ದನ್ನು ಇದ್ದ ಹಾಗೇ ಹೇಳಿದರು: "ಲಲಿತಾ ಹೊತ್ತು ಹೊಂಡೂಕಿಂತ ಮದಲಽ ಬರ್ತಾಳ್ರಿ. ಭೈರವಿ ಎಲ್ಲಾರಿಗಿಂತ ಕಡೀಕ. ಆಕಿ ಬಂದ ಮ್ಯಾಲೆ ಮತ್ತ ಯಾರೂ ಬರಂಗಿಲ್ಲ."

"ಕೂಡಿ ಬರಂಗಿಲ್ಲೇನು?"

"ಇಲ್ರಿ. ಒಬ್ಬಾಕಿ ಇದ್ದಲ್ಲಿ ಇನ್ನೊಬ್ಬಾಕಿ ಕಾಲಿಡಂಗಿಲ್ಲ. ಇಬ್ಬರನ್ನೂ ಕೂಡಿಸಿದ್ರ ಕೆಟ್ಟುಹೋಗ್ತದ."

ಅಮೀನ್ ಸಾಹೇಬರು ಎಲ್ಲ ತಿಳಿದವರ ಹಾಗೆ ತಲೆದೂಗಿದರು. "ಸಮಝ್ ಗಯಾ. ನಮ್ಮ ಮನ್ಯಾಗ ನಮ್ಮ ಅಮ್ಮಿ, ನಮ್ಮ ಬೇಗಂ, ಹಿಂಗಽ."

ಅವರು ಆಚೆ ಹೋದ ಮೇಲೆ ಗುಡಾರದ ಪರದೆ ಸರಿಯಿತು. ಒಬ್ಬಳು ದಪ್ಪನೆಯ ಮುದುಕಿ ಹೊರಗೆ ಬಂದಳು. ಮಸ್ಕಿಯ ಸೂಲಗಿತ್ತಿ, ಊರಿಗೆಲ್ಲ ಆಯಿ. ಎಲ್ಲ ಕೇಳಿಸಿಕೊಂಡಿದ್ದಳು. ಮಾಸ್ತರರು ಬೇರೆ ದಾರಿ ಕಾಣದೆ ನಿಜ ಹೇಳಿಬಿಟ್ಟರು. ಆಯಿ ಎಲೆ ಅಡಿಕೆ ಅಗಿಯುತ್ತಾ ಸ್ವಲ್ಪ ಹೊತ್ತು ಯೋಚಿಸಿದಳು.

"ಊರ ತುಂಬ ಬಾಣಂತನ ಮಾಡೀನಿ. ಇಲ್ಲದಿರೋ ಹೆಣ್ಣುಮಕ್ಕಳ ಆರೈಕಿ ಮಾಡೂದು ಇದಽ ಮದ್ಲು," ಅಂದಳು. "ಆತು, ಮಾಡೂಣು. ಆದ್ರ ಗುಡಾರದಾಗಿಂದ ಏನರ ಸಪ್ಪಳ ಬರಬೇಕಲ್ಲ? ಈ ತಂಬೂರಿಯವನ್ನ ಒಳಗ ಕೂಡಸ್ರಿ."

ನಾನು ಹಿಂದೆ ಸರಿದೆ. "ಪರದಾದಾಗ ಗಂಡಸು? ಅಮೀನ್ ಸಾಹೇಬ್ರಿಗೆ ಗೊತ್ತಾದ್ರ ನನ್ನ ಬೆನ್ನಿನ ಚರ್ಮಾ ಉಳೀತದೇನು?"

"ಹೆದರಬ್ಯಾಡ ಬಾರಪಾ," ಅಂದಳು ಆಯಿ. "ನಿನ್ನಂಥಾವರನ್ನ ಎಷ್ಟೋ ಮಂದೀನ್ನ ಹೊರಗ ತಗದೀನಿ. ಒಬ್ಬನ್ನ ಒಳಗ ಕರಕೊಳ್ಳೂದು ಏನು ದೊಡ್ದು?"

ಮರುದಿನ ನಸುಕಿನಲ್ಲಿ ಹಿಂದಿನ ಪರದೆ ಎತ್ತಿ ತಂಬೂರಿಯ ಜೊತೆ ನುಸುಳಿದೆ. ಒಳಗೆ ಐದು ಗಾದಿ, ಐದು ತಲೆದಿಂಬು, ಐದು ಕನ್ನಡಿ. ಮುಚ್ಚಿಟ್ಟ ಐದು ಬಟ್ಟಲು ಶ್ಯಾವಿಗೆ ಖೀರು. ಹೊರಗೆ ಅಕ್ಷರದ ಬಂಡೆಯ ಮುಂದೆ ಗವಾಯಿಗಳು ಮತ್ತು ಚಾಚಾ. ಎದುರಿಗೆ ಕಂಬಳಿ ಹೊದ್ದ ಮಂದಿ. ಅಮೀನ್ ಸಾಹೇಬರು ಮಾತ್ರ ಬೇವಿನ ಮರದ ಆಚೆ, ಗುಡಾರಕ್ಕೂ ಹಾಡುವವರಿಗೂ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡಿದ್ದರು. ಹೆಣ್ಣುಮಕ್ಕಳು ಇದ್ದ ಕಡೆ ಮುಖ ಮಾಡಿ ಕೂಡುವುದು ಅವರ ಸಂಸ್ಕಾರಕ್ಕೆ ಒಗ್ಗದು.

ನಾನು ತಂತಿ ಮೀಟಿದೆ. ಗವಾಯಿಗಳು ಗಟ್ಟಿಯಾಗಿ, "ಈಗ ಲಲಿತ," ಎಂದು ಸಾರಿ ಶುರು ಮಾಡಿದರು.

ಆಮೇಲಿನದನ್ನು ಹೇಗೆ ಹೇಳಲಿ? ಹಾಡುವವರು ನನಗೆ ಕಾಣುತ್ತಿರಲಿಲ್ಲ, ಹಾಡು ಮಾತ್ರ ಬರುತ್ತಿತ್ತು. ಪರದೆಯ ಕೆಂಪು ಮೊದಲು ಕಪ್ಪಾಗಿದ್ದದ್ದು ನಿಧಾನಕ್ಕೆ ಕೆಂಡದ ಬಣ್ಣಕ್ಕೆ ತಿರುಗಿತು. ಗುಡ್ಡ ಪ್ರತಿ ಸ್ವರವನ್ನೂ ಕೊಂಚ ತಡೆದು ಹಿಂತಿರುಗಿ ಕೊಡುತ್ತಿತ್ತು. ಮೊದಲನೆಯ ಗಾದಿಯ ಮೇಲೆ ಯಾರೋ ಸದ್ದಿಲ್ಲದೆ ಬಂದು ಕೂತ ಹಾಗೆ ಅನಿಸಿತು. ಮೈಯಲ್ಲಿ ಇನ್ನೂ ಇರುಳಿನ ತಂಪು ಇದ್ದವಳು, ಮಾತಾಡದವಳು. ರಾಮಕಲಿ ಶುರುವಾದಾಗ ಅವಳು ಎದ್ದು ಹೋದಳು, ಸೆರಗು ಪರದೆಗೆ ಸವರಿದ ಹಾಗಾಯಿತು. ಗಾಳಿಯೇ ಇರಬೇಕು. ಆದರೆ ನಾನು ಬೇಕೆಂದೇ ಆ ಕಡೆ ತಿರುಗಿ ನೋಡಲಿಲ್ಲ. ತೋಡಿ ಬಂದಾಗ ನನಗೆ ಕಾರಣವಿಲ್ಲದೆ ತೀರಿಹೋದ ನನ್ನ ತಾಯಿಯ ನೆನಪಾಯಿತು. ಕೈ ತನ್ನಷ್ಟಕ್ಕೆ ಮೀಟುತ್ತಲೇ ಇತ್ತು.

ಈ ಕಡೆ ಆಯಿ ಒಂದನೆಯ ಬಟ್ಟಲಿನ ಮುಚ್ಚಳ ತೆಗೆದಿದ್ದಳು. "ಲಲಿತಾ ಉಣ್ಣದಽ ಹೋದ್ಲು ಅಂದ್ರ ಸಾಹೇಬ್ರಿಗೆ ಬ್ಯಾಸರ ಆಗ್ತೈತಿ," ಎಂದು ಪಿಸುಗುಟ್ಟಿ ಖಾಲಿ ಮಾಡಿದಳು. ರಾಮಕಲಿಯದನ್ನೂ ಮುಗಿಸಿದಳು. ತೋಡಿಯದನ್ನು ನನ್ನ ಎಡಗೈಗೆ ಕೊಟ್ಟಳು.

ಬೇವಿನ ಮರದ ಆಚೆಯಿಂದ ಅಮೀನ್ ಸಾಹೇಬರ ದನಿ ಬಂತು: "ಆಯಿ! ಅಂದರ್ ಸಬ್ ಖೈರಿಯತ್?"

ಆಯಿ ಬಾಯಿ ಒರೆಸಿಕೊಂಡು ಕೂಗಿದಳು: "ಎಲ್ಲಾ ಆರಾಮ ಐತ್ರಿ ಸಾಹೇಬ್ರ! ಇಬ್ಬರು ಬಂದು ಹ್ವಾದ್ರು. ಈಗ ತೋಡಿ ಬಂದಾಳ. ಖೀರು ಕುಡ್ಯಾಕತ್ತಾಳ."

ಆಸಾವರಿಯ ಬಟ್ಟಲು ಮುಗಿಯುವಾಗ ಪರದೆಯ ಹಸಿರೆಲ್ಲ ಎಳೆಚಿಗುರಿನಂತೆ ಬೆಳಗುತ್ತಿತ್ತು. ಭೈರವಿಯ ಹೊತ್ತಿಗೆ ಆಯಿ ಐದನೆಯ ಬಟ್ಟಲನ್ನೂ ಮುಗಿಸಿ ಐದನೆಯ ಗಾದಿಯ ಮೇಲೆ ಒರಗಿ ಕಣ್ಣು ಮುಚ್ಚಿದ್ದಳು. ಹೊರಗೆ ಗವಾಯಿಗಳ ದನಿ ಒಮ್ಮೆ ಒಡೆಯಿತು, ಮತ್ತೆ ಕೂಡಿತು. ಅವರು ಅಳುತ್ತಾ ಹಾಡುತ್ತಿದ್ದಾರೆ ಎಂದು ನೋಡದೆಯೇ ತಿಳಿಯಿತು. ಅವರು ಆ ಮುಂಜಾನೆ ಹಾಡಿದ ಹಾಗೆ ಅದರ ಹಿಂದೆ ಹಾಡಿರಲಿಲ್ಲ, ಮುಂದೆಯೂ ಹಾಡಲಿಲ್ಲ. ಮುಗಿದ ಮೇಲೆ ಮಂದಿಗೆ ಏಳಬೇಕೆಂದೇ ಹೊಳೆಯಲಿಲ್ಲ. ಗುಡ್ಡದ ಕುರಿಗಳೂ ಮೇಯುವುದು ಬಿಟ್ಟು ನಿಂತಿದ್ದವಂತೆ, ಮಾಸ್ತರರು ಹೇಳಿದರು.

ನಾನು ಹಿಂದಿನಿಂದ ನುಸುಳಿ, ಸುತ್ತು ಹಾಕಿ, ತಂಬೂರಿಯನ್ನು ಬಂಡಿಯಲ್ಲಿಟ್ಟು ಏನೂ ಅರಿಯದವನ ಹಾಗೆ ಬಂದು ನಿಂತೆ. ಅಮೀನ್ ಸಾಹೇಬರು ಮರದ ಆಚೆಯಿಂದ ಬಂದರು. ಕಣ್ಣು ಒದ್ದೆಯಾಗಿದ್ದವು. ಗವಾಯಿಗಳು ಬಂಡೆಯ ಮುಂದಿನಿಂದ ಎದ್ದು, ಶಲ್ಯ ಸರಿಮಾಡಿಕೊಂಡು ಕೈ ಮುಗಿದು ನಿಂತರು. ಇಂಥ ಹಾಡಿಗೆ ಹೊಗಳಿಕೆ ಬರದೆ ಇರುತ್ತದೆಯೇ?

"ಮ್ಯಾಲಿನ ಸಾಹೇಬರಿಗೆ ವರದಿ ಬರದೀನಿ. ನೀವೂ ಕೇಳ್ರಿ," ಎಂದು ಅಮೀನ್ ಸಾಹೇಬರು ಉರ್ದು ಕಾಗದವನ್ನು ಜೊತೆಗೆ ಬಂದಿದ್ದ ಅದೇ ಮುನ್ಷಿಗೆ ಕೊಟ್ಟರು. ಮುನ್ಷಿ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳುತ್ತಾ ಹೋದ.

"ಐದೂ ಮಂದಿ ಬೇರೆ ಬೇರೆ ವೇಳೆಗೆ, ಹೇಳಿದ ಹೊತ್ತಿಗೆ ಸರಿಯಾಗಿ ಬಂದು ಹೋದರು. ಬಂದದ್ದು ಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಅಂಥ ಮರ್ಯಾದಸ್ಥರು. ಖೀರನ್ನು ಒಂದು ಹನಿ ಬಿಡದೆ ಕುಡಿದಿರುತ್ತಾರೆ. ಪರದೆಯ ಒಳಗಿನಿಂದ ಅವರು ಹಾಡಿದ್ದು ಬಹಳ ಸಣ್ಣ ದನಿಯಲ್ಲಿ, ಬಹಳ ಮಧುರವಾಗಿ. ಶುರುವಿನಿಂದ ಕಡೆಯವರೆಗೆ ಒಂದೇ ಸುರ, ಕೂದಲೆಳೆಯಷ್ಟೂ ಅಳ್ಳಾಡಲಿಲ್ಲ. ಇಂಥ ಗಾನವನ್ನು ನಾನು ಶಹರದಲ್ಲೂ ಕೇಳಿಲ್ಲ."

ಮಾಸ್ತರರು ನನ್ನ ಕಡೆ ನೋಡಿದರು. ಚಾಚಾ ನೆಲ ನೋಡಿದ. ಜನ್ಮದಲ್ಲಿ ನನ್ನ ತಂಬೂರಿಗೆ ಬಂದ ಮೊದಲ ಶಾಬಾಸ್‌ಗಿರಿ ಅದು. ತೆಗೆದುಕೊಳ್ಳುವ ಹಾಗಿಲ್ಲ, ಬಿಡುವ ಹಾಗಿಲ್ಲ.

ಮುನ್ಷಿ ಕಾಗದ ಮಗುಚಿದ. "ತಕರಾರು ಒಂದೇ. ಕಾವಲಿಗೆ ಬಂದ ಗಂಡಸರ ಪೈಕಿ ಒಬ್ಬ, ಬಿಳಿ ಪಟಗದ ಮುದುಕ, ಬಂಡೆಯ ಮುಂದೆ ಕೂತು ಆ ಹೆಣ್ಣುಮಕ್ಕಳು ಹಾಡುವಾಗ ಮೊದಲಿನಿಂದ ಕಡೆಯ ತನಕ ನಡುವೆ ಬಾಯಿ ಹಾಕಿದ್ದಾನೆ. ಕಡೆಯಲ್ಲಿ ಅತ್ತಿದ್ದಾನೆ ಸಹ. ಬರುವ ವರ್ಷ ಪರವಾನಗಿ ಕೊಡುವುದಾದರೆ ಈ ಮನುಷ್ಯನನ್ನು ಊರ ಹೊರಗೆ ಕೂಡಿಸತಕ್ಕದ್ದು."

ಗವಾಯಿಗಳು ಮುಗಿದ ಕೈ ಮುಗಿದ ಹಾಗೇ ಇದ್ದರು. ಅಷ್ಟರಲ್ಲಿ ಗುಡಾರದ ಪರದೆ ಸರಿಸಿ, ಆಕಳಿಸುತ್ತಾ, ಕೆದರಿದ ಕೂದಲು ಹಿಂದಕ್ಕೆ ತಳ್ಳುತ್ತಾ ಆಯಿ ಹೊರಗೆ ಬಂದಳು.

"ಖರೇ ಹೇಳಿದ್ರಿ ಸಾಹೇಬ್ರ," ಅಂದಳು. "ಭೈರವಿ ಪಾಪ, ಹೊಟ್ಟಿತುಂಬ ಖೀರು ಕುಡದು ಒಂಚೂರು ಅಡ್ಡ ಆಗಿದ್ಲು. ಈ ಮುದುಕನ ಒದರಾಟಕ್ಕ ಆಕಿಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ ನೋಡ್ರಿ."